ಸೊಲ್ಲು ಹಿಡಿಯುವವಳು

ಮಾರುತೇಶನ ಸಿಟ್ಟಿನ ಬಗ್ಗೆ ಚಳ್ಳಕೆರೆಯಲ್ಲಿ ಯಾರನ್ನು ಕೇಳಿದರೂ ಒಂದು ಕತೆ ಹೇಳುತ್ತಾರೆ. ಅದರಲ್ಲಿ ಅರ್ಧ ಸುಳ್ಳು, ಇನ್ನರ್ಧಕ್ಕೆ ಉಪ್ಪುಖಾರ ಹಚ್ಚಿರುತ್ತಾರೆ. ಆದರೆ ಗದ್ದಲ ಎಂದರೆ ಅವನಿಗೆ ಮೈಯೆಲ್ಲ ಉರಿಯುತ್ತದೆ ಎನ್ನುವುದು ಮಾತ್ರ ನೂರಕ್ಕೆ ನೂರು ನಿಜ. ಉರಿಯದೆ ಇನ್ನೇನಾಗಬೇಕು ಸ್ವಾಮಿ? ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ತಂತಿ ಕಿತ್ತು ಹೊಸ ತಂತಿ ಸುತ್ತುವ ಕೆಲಸ ಅವನದು. ಬೇರಿಂಗ್ ಸರಿಯಿದೆಯೋ ಇಲ್ಲವೋ ತಿಳಿಯಬೇಕಾದರೆ ಓಡುವ ಮೋಟಾರಿಗೆ ಸ್ಕ್ರೂಡ್ರೈವರಿನ ಮೊನೆ ಒತ್ತಿ, ಅದರ ಹಿಡಿಯನ್ನು ಕಿವಿಗೆ ಆನಿಸಿ ಕೇಳುತ್ತಾನೆ. ಹದಿನೈದು ವರ್ಷ ಹಾಗೆ ಕೇಳಿ ಕೇಳಿ, ಯಾವ ಸಣ್ಣ ಕರಕರವೂ ಅವನ ಕಿವಿ ತಪ್ಪಿಸಿಕೊಳ್ಳುವುದಿಲ್ಲ. ಅಂಥ ಕಿವಿ ಹೊತ್ತುಕೊಂಡು ಸಂಜೆ ಮನೆಗೆ ಬಂದರೆ ಒಂದು ಮಗ್ಗುಲಿಗೆ ಎಣ್ಣೆ ಮಿಲ್ಲು, ಇನ್ನೊಂದು ಮಗ್ಗುಲಿಗೆ ಧಾರಾವಾಹಿಯ ಅಳು, ಬೀದಿಯಲ್ಲಿ ಮೈಕು ಕಟ್ಟಿದ ಆಟೋ.

"ಥೂ, ಈ ಊರ್ನೋರಿಗೆ ದೇವ್ರು ಕಿವೀನ ಬರೀ ವಾಲೆ ಹಾಕ್ಕಣಾಕೆ ಕೊಟ್ಟಾನೇನೋ!" ಎಂದು ದಿನಾ ಬೈಯುತ್ತಿದ್ದ.

ಬೈದರೆ ಮಿಲ್ಲು ನಿಲ್ಲುತ್ತದೆಯೇ? ಅದಕ್ಕೇ ಅವನು ಹೆಡ್‌ಫೋನಿನ ಹುಚ್ಚು ಹತ್ತಿಸಿಕೊಂಡ. ಒಳಕೋಣೆಯಲ್ಲಿ ರಾಗಿ ಮೂಟೆಗಳನ್ನು ಒಂದು ಗೋಡೆಗೆ ಒತ್ತರಿಸಿ, ಇನ್ನೊಂದು ಗೋಡೆಗೆ ಹಳೆಯ ಕುರಿಗಂಬಳಿಗಳನ್ನು ಮೊಳೆ ಹೊಡೆದು ತೂಗುಬಿಟ್ಟ. ಹೆಡ್‌ಫೋನಿಗೆ ಬಲ ಕೊಡುವ ಆಂಪ್ಲಿಫೈಯರನ್ನು ಕೊಳ್ಳಲಿಲ್ಲ, ತಾನೇ ಕಟ್ಟಿದ. ಅದರ ಟ್ರಾನ್ಸ್‌ಫಾರ್ಮರನ್ನೂ ತನ್ನ ಕೈಯಾರೆ ಸುತ್ತಿದ. ಬೆಸುಗೆ ಹಾಕಿದವನು ಜೊತೆಗೆ ಕೆಲಸ ಮಾಡುವ ಮುಜಾಮಿಲ್. ಎಲ್ಲ ಮುಗಿಸಿ ಕಿವಿಗಿಟ್ಟರೆ ಒಳಗೆ 'ಗುಂಯ್' ಎಂದು ಒಂದೇ ಸಮನೆ ಗುನುಗು. ಕರೆಂಟಿನ ಗುನುಗು ಅದು. ಮಾರುತೇಶ ಮೂರು ವಾರ ಆ ಗುನುಗಿನ ಜೊತೆ ಜಗಳಕ್ಕೆ ಬಿದ್ದ. ಕೊನೆಗೆ ಹಿತ್ತಲಲ್ಲಿ ಆಳುದ್ದ ಗುಂಡಿ ತೆಗೆದು, ಇದ್ದಿಲು, ಉಪ್ಪು ತುಂಬಿ, ತಾಮ್ರದ ಪಟ್ಟಿ ಇಳಿಸಿ ಅರ್ಥಿಂಗ್ ಮಾಡಿದ ಮೇಲೆ ಅದು ಬಾಯಿ ಮುಚ್ಚಿತು. ದಿನಾ ಬೆಳಗ್ಗೆ ಆ ಗುಂಡಿಗೆ ಒಂದು ಕೊಡ ನೀರು ಹೊಯ್ಯುವುದು ಹೆಂಡತಿ ಪ್ರೇಮಲತಾಳ ಪಾಲಿಗೆ ಬಂತು.

"ತುಳಸಿ ಗಿಡಕ್ಕೆ ಹಾಕಿದ್ರೆ ಪುಣ್ಯನಾದ್ರೂ ಬರ್ತಿತ್ತು. ಮಿಕ್ಸಿ ರಿಪೇರಿ ಮಾಡ್ರಿ ಅಂದ್ರೆ ಕಿವಿಗೆ ತಪ್ಪಲೆ ಕಟ್ಕಂಡು ಕೂತೀರಲ್ರೀ" ಎಂದು ಅವಳು ಗೊಣಗುತ್ತಲೇ ನೀರು ಹೊಯ್ಯುತ್ತಿದ್ದಳು.

ಎಲ್ಲ ಸಂಗೀತಕ್ಕೂ ಒಂದೇ ಹೆಡ್‌ಫೋನ್ ಆಗುವುದಿಲ್ಲ ಎನ್ನುವುದು ಮಾರುತೇಶನಿಗೆ ಬೇಗನೆ ತಿಳಿಯಿತು. ಉರುಮೆ, ತಮಟೆ, ಸಿನಿಮಾ ಹಾಡಿಗೆ ಕಿವಿಯನ್ನು ಪೂರಾ ಮುಚ್ಚುವ ಜೋಡಿ ಬೇಕು. ಏಟು ಎದೆಗೆ ಬೀಳುತ್ತದೆ, ಮಿಲ್ಲಿನ ಸದ್ದು ಹೊರಗೇ ಉಳಿಯುತ್ತದೆ. ಆದರೆ ಅದರಲ್ಲಿ ಬರಿಯ ಕಂಠದ ಹಾಡು ಕೇಳಿದರೆ ಗಡಿಗೆಯೊಳಗೆ ಬಾಯಿಟ್ಟು ಹಾಡಿದಂತೆ. ಅದಕ್ಕೆ ಬೆನ್ನಲ್ಲಿ ಜಾಲರಿ ಇರುವ, ಗಾಳಿಯಾಡುವ ಜೋಡಿಯೇ ಆಗಬೇಕು. ಮುಜಾಮಿಲ್ ತನ್ನ ಕವ್ವಾಲಿಯನ್ನು ಎರಡರಲ್ಲೂ ಕೇಳಿ, "ಅರೆ ಭಾಯ್, ಇದ್ರಾಗೆ ಚಪ್ಪಾಳೆ ಚೆನ್ನಾಗೈತೆ, ಅದ್ರಾಗೆ ಹಾಡೋನು ಪಕ್ಕದಾಗೇ ಕೂತವ್ನೆ" ಎಂದು ತೀರ್ಪು ಕೊಟ್ಟ. ಗಾಳಿಯಾಡುವ ಜೋಡಿಯನ್ನು ಮಾರುತೇಶ ಕೊಂಡದ್ದು ಒಂದೇ ಒಂದು ಹಾಡಿಗಾಗಿ. ಅದು ಅವನ ದೊಡ್ಡಮ್ಮ ಕರಿಯಕ್ಕನ ಹಾಡು.

ಕರಿಯಕ್ಕ ಕೊಂಡ್ಲಹಳ್ಳಿಯವಳು. ಮಾರುತೇಶನ ಅವ್ವ ರೇಣುಕಮ್ಮನ ಒಡಹುಟ್ಟಿದ ಅಕ್ಕ. ಮೊಳಕಾಲ್ಮೂರಿನಿಂದ ತಳಕಿನವರೆಗೆ ಯಾರ ಮನೆಯ ಮದುವೆಯಾದರೂ ಹಸೆಯ ಮುಂದೆ ಈ ಅಕ್ಕತಂಗಿಯರು ಕೂರಲೇಬೇಕಿತ್ತು. ಅಕ್ಕ ಸೊಲ್ಲು ಎತ್ತುವವಳು, ತಂಗಿ ಹಿಡಿಯುವವಳು. ಅಕ್ಕ ಒಂದು ಸಾಲು ಹಾಡಿ ಮುಗಿಸುವುದಕ್ಕೆ ಮೊದಲೇ, ಕೊನೆಯ ಅಕ್ಷರ ಇನ್ನೂ ಬಾಯಲ್ಲಿರುವಾಗಲೇ, ತಂಗಿ ಅದನ್ನು ಕೈಯಿಂದ ಇಸಕೊಂಡಂತೆ ಹಿಡಿದು ಅದೇ ಸಾಲನ್ನು ಮತ್ತೆ ಹಾಡುತ್ತಿದ್ದಳು. ನಲವತ್ತು ವರ್ಷದಲ್ಲಿ ರೇಣುಕಮ್ಮ ಒಂದು ಹಾಡನ್ನೂ ತಾನಾಗಿ ಶುರು ಮಾಡಿದವಳಲ್ಲ. ಆರು ತಿಂಗಳ ಹಿಂದೆ ಕರಿಯಕ್ಕ ತೀರಿಕೊಂಡಳು. ಅಂದಿನಿಂದ ರೇಣುಕಮ್ಮನ ಬಾಯಲ್ಲಿ ಹಾಡಿನ ಒಂದು ಸೊಲ್ಲೂ ಹೊರಟಿಲ್ಲ.

ಇಬ್ಬರ ಹಾಡನ್ನು ರೆಕಾರ್ಡ್ ಮಾಡಿದ್ದು ಒಂದೇ ಸಲ. ಅವರ ಊರಿನವನೇ ಆದ ನಾಗರಾಜ ಚಳ್ಳಕೆರೆಯಲ್ಲಿ ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ ಇಟ್ಟಿದ್ದಾನೆ, ಯೂಟ್ಯೂಬಿನಲ್ಲಿ ಚಾನೆಲ್ಲೂ ಇದೆ. ಕರಿಯಕ್ಕ ಇದ್ದಾಗ ಇಬ್ಬರನ್ನೂ ಕೂರಿಸಿ ಹಾಡಿಸಿಕೊಂಡು ಹೋಗಿದ್ದ. ಅವಳು ಸತ್ತ ಮೇಲೆ ಫೋಟೋಕ್ಕೆ ಹಾರ ಹಾಕಿ, ಹಾಡಿಗೆ ಕೀಬೋರ್ಡು, ಡ್ರಮ್ಮು ಬೆರೆಸಿ ಚಾನೆಲ್ಲಿಗೆ ಏರಿಸಿದ. ಲಕ್ಷಗಟ್ಟಲೆ ಜನ ನೋಡಿದರು. ಮಾರುತೇಶ ಫೋನಿನಲ್ಲೇ ಹಾಕಿ ಅವ್ವನಿಗೆ ತೋರಿಸಿದ್ದ. ಮಿಲ್ಲಿನ ಗದ್ದಲದಲ್ಲಿ ಅವನಿಗೆ ಕೇಳಿಸಿದ್ದು ಡ್ರಮ್ಮಿನ ಏಟು, ನಡುನಡುವೆ ದೊಡ್ಡಮ್ಮನ ಕಂಠ, ಅಷ್ಟೇ. ರೇಣುಕಮ್ಮ ಪೂರ್ತಿ ಕೇಳಿ, ಫೋನು ವಾಪಸು ಕೊಟ್ಟು ಎದ್ದು ಹೋಗಿದ್ದಳು. ದುಃಖ ಬಂದಿರಬೇಕು ಅಂದುಕೊಂಡ, ದಡ್ಡ.

ಒಂದು ಶನಿವಾರ ಸಂಜೆ ಹೊಸ ಜೋಡಿ ಕಿವಿಗೆ ಏರಿಸಿ, ಮಿಲ್ಲು ನಿಂತ ಹೊತ್ತು ನೋಡಿ, ಆ ಹಾಡು ಹಾಕಿದ.

ಕಾವಲು ದಾಟಿ ಬಂದ್ಯೇನೆ ತಂಗಿ
ಕಾಲೀಗೆ ಮುಳ್ಳು ಮುರಿದಾವೇನೆ

ದೊಡ್ಡಮ್ಮ ಎದುರಿಗೇ ಕೂತಂತಿತ್ತು. ಆದರೆ 'ಮುರಿದಾವೇನೆ' ಎನ್ನುವುದರ ಕೊನೆ ಯಾರೋ ಹಲ್ಲಿನಿಂದ ಕಚ್ಚಿ ತೆಗೆದಂತೆ ತುಂಡಾಗಿ, ತಟಕ್ಕನೆ ಕೀಬೋರ್ಡು ಶುರುವಾಯಿತು. ಮಾರುತೇಶ ಹಿಂದಕ್ಕೆ ಓಡಿಸಿ ಮತ್ತೆ ಕೇಳಿದ. ಆ ತುಂಡಿನ ಅಂಚಿನಲ್ಲಿ ಇನ್ನೊಂದು ದನಿಯ ಚೂರು ಇತ್ತು. ಚಿಟಿಕೆ ಹೊಡೆಯುವಷ್ಟೂ ಉದ್ದವಿಲ್ಲ. ಬೇರಿಂಗಿನ ಕರಕರ ಹಿಡಿಯುವ ಕಿವಿಗೆ ಅಷ್ಟು ಸಾಕಾಯಿತು. ಮುಂದಿನ ಸೊಲ್ಲಿನ ಕೊನೆಗೂ ಅದೇ ಚೂರು, ಅದರ ಮುಂದಿನದಕ್ಕೂ ಅದೇ. ಹಾಡಿನಲ್ಲಿ ಎಲ್ಲೆಲ್ಲಿ ಅವ್ವ ಇರಬೇಕಿತ್ತೋ ಅಲ್ಲೆಲ್ಲ ಕತ್ತರಿ ಆಡಿಸಿದ್ದರು.

ಹೆಡ್‌ಫೋನು ಕಿತ್ತೆಸೆದು ಪಡಸಾಲೆಗೆ ಬಂದ. ರೇಣುಕಮ್ಮ ಕಡಲೆಕಾಯಿ ಸುಲಿಯುತ್ತಿದ್ದಳು.

"ಅವ್ವಾ, ಆ ಹಾಡ್ನಾಗೆ ನೀನೇ ಇಲ್ವಲ್ಲ!"

"ಗೊತ್ತು ಕಣೋ."

"ಗೊತ್ತಾ? ಯಾವಾಗಿಂದ?"

"ನೀನು ತೋರಿಸಿದ ದಿವ್ಸದಿಂದ. ನನ್ ದನಿ ಐತೋ ಇಲ್ವೋ ನಂಗೆ ಗೊತ್ತಾಗಲ್ವೇನೋ?"

"ಮತ್ತೆ ಯಾಕೆ ಬಾಯಿ ಮುಚ್ಕಂಡಿದ್ದೆ?"

"ಏನಂತ ಹೇಳ್ಲಿ? ಎತ್ತೋಳ್ದು ಹಾಡು. ಹಿಡಿಯೋಳ್ನ ಯಾರು ಕೇಳ್ತಾರೆ" ಎಂದು ರೇಣುಕಮ್ಮ ಇನ್ನೊಂದು ಕಾಯಿ ಒಡೆದಳು. ಮಾರುತೇಶನಿಗೆ ಬೇಕಾದದ್ದು ಇನ್ನು ಒಂದೇ, ಕತ್ತರಿಸದ ಮೂಲ ಹಾಡು. ಅವ್ವ ಹಾಡಿದ ದನಿ ಲೋಕದಲ್ಲಿ ಬೇರೆಲ್ಲೂ ರೆಕಾರ್ಡ್ ಆಗಿರಲಿಲ್ಲ.

ಮರುದಿನ ಬೆಳಗ್ಗೆ ಸ್ಟುಡಿಯೋ ಬಾಗಿಲು ತೆಗೆಯುವುದಕ್ಕೂ ಇವನು ಹೋಗಿ ನಿಲ್ಲುವುದಕ್ಕೂ ಸರಿಹೋಯಿತು. ಹೊಡೆದಾಟವಾದೀತು ಎಂದು ಮುಜಾಮಿಲ್ಲೂ ಬೆನ್ನು ಹತ್ತಿದ್ದ. ನಾಗರಾಜ ಹಲ್ಲು ಕಿರಿಯುತ್ತ ಕುರ್ಚಿ ಎಳೆದ.

"ಬಾರಣ್ಣ, ದೊಡ್ಡಮ್ಮನ ವಿಡಿಯೋ ನೋಡ್ದ್ಯಾ? ಸಖತ್ ಓಡ್ತಾ ಐತೆ."

"ನಮ್ಮವ್ವನ್ನ ಯಾಕೆ ತೆಗೆದೆ?"

ನಾಗರಾಜನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನಕ್ಕ. "ಓ, ಅದಾ? ಒಂದೇ ಸಾಲು ಎರಡೆರಡು ಸಲ ಬರ್ತಿತ್ತಣ್ಣ. ಜನ ತಡೆಯಲ್ಲ, ಮುಂದಕ್ಕೆ ಒತ್ತಿಬಿಡ್ತಾರೆ. ಅದಕ್ಕೇ ರಿಪೀಟ್ ತೆಗೆದು ಮ್ಯೂಸಿಕ್ ಹಾಕ್ದೆ."

"ರಿಪೀಟ್ ಅಲ್ಲಲೇ ಅದು, ನಮ್ಮವ್ವ!"

ಆ ಕೂಗಿಗೆ ಕೆಳಗಿನ ಬೇಕರಿಯವನು ಹೊರಗೆ ಬಂದು ಮೇಲೆ ನೋಡಿದ. ನಾಗರಾಜನ ಸ್ವಂತ ಅಜ್ಜಿ ಕೊಂಡ್ಲಹಳ್ಳಿಯಲ್ಲಿ ಅದೇ ಹಸೆಯ ಮುಂದೆ ಕೂತು ಸೊಲ್ಲು ಹಿಡಿದವಳು. ಅವಳ ಮೊಮ್ಮಗನಿಗೆ ಎತ್ತುವುದು, ಹಿಡಿಯುವುದು ಎಂದರೇನು ಎನ್ನುವುದೇ ಮರೆತುಹೋಗಿದೆಯಲ್ಲ! ಮಾರುತೇಶ ಅವನ ಅಂಗಿ ಹಿಡಿದ.

"ಮೂಲದ್ದು ಕೊಡು. ನೀನು ಹಾಳು ಮಾಡೋಕೆ ಮುಂಚಿಂದು."

"ಅಣ್ಣಾ, ಕೈ ಬಿಡಣ್ಣ. ಇಲ್ಲ ಅದು."

"ಇಲ್ಲ ಅಂದ್ರೆ?"

"ಕಾರ್ಡ್ ತುಂಬಿತ್ತು. ಮಾರನೇ ದಿನ ಮದುವೆ ಆರ್ಡರ್ ಇತ್ತು. ಎಡಿಟ್ ಆಗೈತಲ್ಲ ಅಂತ ಅಳಿಸ್ದೆ. ಬೇಕಾದ್ರೆ ನಿಮ್ಮವ್ವನ ಹೆಸರೂ ಕೆಳಗೆ ಹಾಕ್ತೀನಿ ಬಿಡು."

ಹೆಸರು ಹಾಕುತ್ತಾನಂತೆ! ದನಿ ತೆಗೆದು ಹೆಸರು ಹಾಕುತ್ತಾನಂತೆ! ಮಾರುತೇಶನ ಕೈ ಎದ್ದೇಬಿಟ್ಟಿತ್ತು. ಮುಜಾಮಿಲ್ ಹಿಂದಿನಿಂದ ತೆಕ್ಕೆ ಹಾಯ್ದು, "ಬ್ಯಾಡ ಲೇ, ಹೊಡೆದ್ರೆ ವಾಪಸ್ ಬರ್ತೈತೇನಲೇ ಅದು?" ಎಂದು ದರದರನೆ ಮೆಟ್ಟಿಲಿಗೆ ಎಳೆದುಕೊಂಡು ಬಂದ. ದಾರಿಯುದ್ದಕ್ಕೂ ಮಾರುತೇಶ ನಾಗರಾಜನ ಏಳು ತಲೆಮಾರನ್ನು ಬೈದ. ಮನೆಯ ಹತ್ತಿರ ಬರುವ ಹೊತ್ತಿಗೆ ಗಂಟಲು ಬಿದ್ದುಹೋಗಿತ್ತು.

ಅವ್ವನ ಮುಂದೆ ಹೋಗಿ ನಿಂತ. ಅವಳೇ ಕೇಳಿದಳು. "ಇಲ್ಲ ಅಂದ್ನಾ?"

"ಅಳಿಸಿದಾನಂತೆ. ಆ ವಿಡಿಯೋನೂ ತೆಗಿಸ್ತೀನಿ ತಡಿ, ಅವನ ಸ್ಟುಡಿಯೋಗೆ ಬೆಂಕಿ ಇಟ್ಟಾದ್ರೂ ಸರಿ."

"ಅದ್ನ ತೆಗೆದ್ರೆ ಅಕ್ಕನ ದನೀನೂ ಹೋಯ್ತು" ಎಂದಳು ರೇಣುಕಮ್ಮ. ಸೆರಗಿಗೆ ಕೈ ಒರೆಸಿಕೊಂಡು, "ಎಲ್ಲಿ, ಆ ನಿನ್ ತಪ್ಪಲೆ ನನ್ ಕಿವಿಗೆ ಹಾಕು. ಫೋನಿನಾಗೆ ನಂಗೆ ಅಕ್ಕ ನೆಟ್ಟಗೆ ಕೇಳ್ಲಿಲ್ಲ" ಎಂದು ಎದ್ದಳು.

ಮಾರುತೇಶ ಅವಳನ್ನು ಕಂಬಳಿಯ ಕೋಣೆಯಲ್ಲಿ ಕೂರಿಸಿ, ಸೆರಗು ಸರಿಸಿ, ಹೆಡ್‌ಫೋನು ಏರಿಸಿ ಹಾಡು ಹಾಕಿದ. ಮುಜಾಮಿಲ್ ಬಾಗಿಲಲ್ಲಿ ನಿಂತ. ಪ್ರೇಮಲತಾ ಹಿಟ್ಟಿನ ಕೈಯಲ್ಲೇ ಬಂದಳು. ರೇಣುಕಮ್ಮನ ಕಣ್ಣು ಮುಚ್ಚಿತು. ಮೊದಲೆರಡು ಸಾಲು ಮುಗಿಯುವ ಹೊತ್ತಿಗೆ ಅವಳ ಬಾಯಿ ತಾನಾಗಿ ತೆರೆಯಿತು.

ಕಾಲೀಗೆ ಮುಳ್ಳು ಮುರಿದಾವೇನೆ

ಆರು ತಿಂಗಳ ಮೇಲೆ ಹೊರಟ ದನಿ. ಕೋಣೆಯಲ್ಲಿದ್ದವರಿಗೆ ಕರಿಯಕ್ಕ ಕೇಳುತ್ತಿರಲಿಲ್ಲ. ಒಂದು ಸಾಲಿನಷ್ಟು ಹೊತ್ತು ಮೌನ, ಆಮೇಲೆ ರೇಣುಕಮ್ಮ, ಮತ್ತೆ ಮೌನ, ಮತ್ತೆ ರೇಣುಕಮ್ಮ. ಕೀಬೋರ್ಡು ಬಡಿಯುವ ಜಾಗದಲ್ಲೆಲ್ಲ ಅವಳು ತನ್ನ ಸೊಲ್ಲನ್ನು ತಾನೇ ತುಂಬುತ್ತಿದ್ದಳು. ಮಾರುತೇಶ ಫೋನು ತೆಗೆದು ರೆಕಾರ್ಡಿಗೆ ಒತ್ತಿದ. ಸಿಕ್ಕಿಬಿಟ್ಟಿತು, ಅವ್ವನ ದನಿ ಸಿಕ್ಕಿಬಿಟ್ಟಿತು ಎಂದುಕೊಂಡ.

ಹಾಡಿನ ಕೊನೆಯ ನುಡಿಗೆ ಬಂದಾಗ ರೇಣುಕಮ್ಮ ಬಾಯಿ ತೆರೆದಳು, ನಿಲ್ಲಿಸಿದಳು. ಮತ್ತೆ ತೆರೆದಳು, ಮತ್ತೆ ನಿಲ್ಲಿಸಿದಳು. ಹಾಡು ಬೇಗ ಮುಗಿಯಲಿ ಎಂದು ನಾಗರಾಜ ಅಲ್ಲಿ ಕೀಬೋರ್ಡನ್ನೂ ಹಾಕಿರಲಿಲ್ಲ, ಕರಿಯಕ್ಕನ ಸಾಲಿಗೆ ಸಾಲು ಅಂಟಿಸಿಬಿಟ್ಟಿದ್ದ. ರೇಣುಕಮ್ಮನ ಮುಖ ಕಪ್ಪಿಟ್ಟಿತು. ಹೆಡ್‌ಫೋನನ್ನು ಎರಡೂ ಕೈಯಿಂದ ಕಿತ್ತು ಮಗನ ಮಡಿಲಿಗೆ ಎಸೆದಳು. ಅಷ್ಟು ಸಿಟ್ಟು ಅವಳಲ್ಲಿದೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಅವನ ಕೈ ಸೇದಿಹೋಗ! ಅಕ್ಕನ್ನ ಉಸಿರೇ ತಗಳ್ದಂಗೆ ಹಾಡಿಸ್ಯಾನಲ್ಲೋ!"

"ಏನವ್ವ?"

"ಅವಳಿಗೆ ಉಬ್ಬಸ ಕಣೋ, ಮೂವತ್ತು ವರ್ಷದಿಂದ. ಯಾರಿಗೂ ಹೇಳ್ತಿರ್ಲಿಲ್ಲ. ಹೇಳಿದ್ರೆ ಹಾಡೋಕೆ ಕರೆಯಲ್ಲ ಅಂತ. ನಾನು ಹಿಡೀತಿದ್ದದ್ದು ಯಾಕಂತೀಯಾ? ನಾನು ಹಿಡಿದಾಗ್ಲೇ ಅವಳು ಉಸಿರು ತಗಂತಿದ್ದದ್ದು! ಅವಳು ಕೈ ಅದುಮಿದ್ರೆ ನಾನು ಇನ್ನೊಂದ್ಸಲ ಹಾಡ್ತಿದ್ದೆ. ನನ್ ದನಿ ಹೋದ್ರೆ ಹೋಗ್ಲಿ ಅಂತ ಸುಮ್ಕಿದ್ದೆ. ಸತ್ತೋಳಿಗೂ ಉಸಿರು ಬಿಡಾಕೆ ಬಿಡ್ಲಿಲ್ವಲ್ಲೋ ಪಾಪಿ!"

ರೇಣುಕಮ್ಮ ಏದುಸಿರು ಬಿಡುತ್ತ ಕೂತಿದ್ದಳು. ಆಮೇಲೆ ಮೂಗು ಒರೆಸಿಕೊಂಡು, ಚಕ್ಕಲಮಕ್ಕಲ ಹಾಕಿ ನೆಟ್ಟಗೆ ಕೂತು, ಮಗನ ಕಡೆ ತಿರುಗಿದಳು.

"ಮಿಷನ್ ಬಂದ್ ಮಾಡು. ನಾನು ಎತ್ತುತೀನಿ, ನೀನು ಹಿಡಿ."

"ನಾನಾ? ನಂಗೆ ಹಾಡಕೆ ಬರಲ್ಲವ್ವ. ಗಂಟ್ಲು ಬೇರೆ ಹೋಗೈತೆ."

"ಊರೆಲ್ಲ ಕೇಳಂಗೆ ಬೈಯಕೆ ಬರ್ತೈತಲ್ಲ, ಇದಕ್ಯಾಕೆ ಬರಲ್ಲ? ಬಾಯಿ ಬಿಡೋ ಮುಂಡೇದೆ."

ಅವಳು ಎತ್ತಿದಳು. ನಲವತ್ತು ವರ್ಷದಲ್ಲಿ ಮೊದಲ ಸಲ, ಯಾರ ಬೆನ್ನ ಹಿಂದೆಯೂ ಅಲ್ಲದೆ, ತಾನೇ.

ತವರೀನ ಬಾಗಿಲು ತೆರೆದೈತೆ ತಂಗಿ
ತಡಮಾಡದಂಗೆ ನೀ ಬಾರೇನೆ

ಪಕ್ಕದ ಮಿಲ್ಲು ಶುರುವಾಯಿತು. ರೇಣುಕಮ್ಮ ಇನ್ನೂ ದನಿ ಏರಿಸಿದಳು. ಕತ್ತಿನ ನರ ಉಬ್ಬಿತು. ಕೊನೆಯ ಅಕ್ಷರ ಎಳೆಯುತ್ತ ಮಗನ ಕೈ ಹಿಡಿದು ಜೋರಾಗಿ ಅದುಮಿದಳು. ಮಾರುತೇಶ ಒಡೆದ ಗಂಟಲಲ್ಲಿ, ಸಿಟ್ಟಿನಲ್ಲಿ, ಅಳುವಿನಲ್ಲಿ, ಹೇಗೆ ಬಂತೋ ಹಾಗೆ ಹಿಡಿದ. ಅವ್ವ ಉಸಿರು ತೆಗೆದುಕೊಂಡಳು.