ಕಿವಿಗೆ ಕಿವಿ

ಮಣ್ಣಿಗೆಂದು ತೊಟ್ಟು ಬಂದಿದ್ದ ಬಿಳಿ ಅಂಗಿಯಲ್ಲೇ ಸುಭಾಷ ನೆಲಕ್ಕೆ ಅಂಗಾತ ಮಲಗಿ ಜಯಕುಮಾರನ ಪಿಕಪ್ಪಿನ ಕೆಳಗೆ ಸರಿದುಬಿಟ್ಟ. ಹೊರಗೆ ಉಳಿದದ್ದು ಅವನ ಎರಡು ಕಾಲು ಮಾತ್ರ.

“ಹದಿನಾಕರ ಪಾನಾ ಕೊಡ್ರಿ ಯಾರರ,” ಎಂದು ಒಳಗಿನಿಂದ ಒಂದು ಕೈ ಹೊರಬಂತು.

ಮಿರಜಿನ ಹತ್ತಿರ, ಕುಪವಾಡದ ಗ್ಯಾರೇಜು ಶೆಡ್ಡಿನ ಮುಂದೆ ಕೂತಿದ್ದ ಭಜನೆಯವರು ತಾಳ ನಿಲ್ಲಿಸಿ ನೋಡಿದರು. ಸಾವಿನ ಮನೆಯಲ್ಲಿ ನಟ್ಟು ಬಿಚ್ಚುವ ಪಾನಾ ಕೇಳಿದ್ದನ್ನು ಅವರು ಈವರೆಗೆ ಕಂಡಿರಲಿಲ್ಲ. ಆದರೆ ಹೋದವನು ಕಾಡಪ್ಪ ಮಿಸ್ತ್ರಿ. ಸೇರಿದ ಜನರಲ್ಲಿ ಅರ್ಧ ಗ್ಯಾರೇಜಿನವರು, ಇನ್ನರ್ಧ ಗಾಡಿಯವರು. ಒಂದು ಪಾನಾ ಕೇಳಿದರೆ ನಾಲ್ಕು ಬಂದವು.

ಪಡಸಾಲೆಯಲ್ಲಿ ಕಾಡಪ್ಪನಿಗೆ ವಿಭೂತಿ ಹಚ್ಚಿ, ಪಟಗಾ ಸುತ್ತಿ, ಗೋಡೆಗೆ ಆನಿಸಿ ಕುಳ್ಳಿರಿಸಿದ್ದರು. ಅವರ ಪೈಕಿಯಲ್ಲಿ ಸತ್ತವರನ್ನು ಕುಳ್ಳಿರಿಸಿಯೇ ಒಯ್ಯುವುದು, ಕುಳ್ಳಿರಿಸಿಯೇ ಮಣ್ಣು ಕೊಡುವುದು. ಉಗುರಿನ ಸಂದಿಯ ಗ್ರೀಸು ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. “ಬಿಡ್ರಿ, ಅದೂ ಅವರದ ಐತಿ,” ಎಂದು ಹೆಂಡತಿ ಕಾಡವ್ವ ತಿಕ್ಕುವವರ ಕೈ ಹಿಡಿದಿದ್ದಳು.

ಭಾವನ ಮಗ ಪ್ರತಾಪ ಅವಳ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. “ಕಾಕೂ, ಟ್ರ್ಯಾಕ್ಟರ್ ಬಂದು ನಿಂತೈತಿ. ಟ್ರಾಲಿಗೆ ಹೂವು ಕಟ್ಟಿಸೇನಿ. ಇಳಿಹೊತ್ತಿಗೆ ಸ್ವಾಮಿಗಳು ಮಿರಜಿನ ರುದ್ರಭೂಮಿಗೆ ಬರ್ತಾರ. ಇನ್ನ ಈ ಹಟ ಯಾಕ್ರಿ?”

“ಟ್ರ್ಯಾಕ್ಟರ್‌ದವಂಗ ಚಹಾ ಕುಡಿಸಿ ಕಳಸು. ನಿಮ್ಮ ಕಾಕಾ ತಮ್ಮ ಗಾಡಿ ಮ್ಯಾಲನ ಹೋಗ್ತಾರ. ನಾ ಮುಂದಿನ ಸೀಟಿನ್ಯಾಗ ಕುಂದರ್ತೇನಿ.”

“ಅದೂ ಒಂದು ಗಾಡಿ ಏನ್ರಿ? ಅದರ ಹೊಟ್ಟ್ಯಾಗ ಏನೂ ಇಲ್ಲ!”

ಪ್ರತಾಪ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಬೇವಿನ ಗಿಡದ ಕೆಳಗಿದ್ದ ಗಿಣಿಹಸಿರು ಪಿಕಪ್ಪು ಕಾಡಪ್ಪ ಎರಡು ಸತ್ತ ಗಾಡಿಗಳನ್ನು ಕೂಡಿಸಿ ಎಬ್ಬಿಸಿದ್ದು. ಒಂದರ ಮೈ ಮತ್ತು ಇಂಜಿನ್, ಇನ್ನೊಂದರ ಗೇರ್‌ಬಾಕ್ಸು. ಈ ಗೇರ್‌ಬಾಕ್ಸು ಮೊದಲಿನದಕ್ಕಿಂತ ಗೇಣುದ್ದ ಹೆಚ್ಚಿತ್ತು. ಹೀಗಾಗಿ ಅಲ್ಲಿಂದ ಹಿಂದಿನ ಗಾಲಿಗಳತನಕ ಹೋಗಿ ಅವನ್ನು ತಿರುಗಿಸುವ ಶಾಫ್ಟು ಜಾಗದಲ್ಲಿ ಕೂಡಲೊಲ್ಲದು. ಗೆಳೆಯ ಸುಭಾಷನ ಲೇತ್ ಯಂತ್ರದ ಮೇಲೆ ಅದನ್ನು ಕತ್ತರಿಸಿ, ಬೆಸೆದು, ಗೇಣು ಗಿಡ್ಡ ಮಾಡಿ ಕೂಡಿಸಿದರು. ಮರುದಿನ ಬೆಳಗಾದರೆ ಕಾಡವ್ವನನ್ನು ಮುಂದೆ ಕೂಡಿಸಿಕೊಂಡು ಲಿಂಗನೂರಿಗೆ, ಅವಳ ತವರಿಗೆ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಕವಲಾಪುರದ ಜಯಕುಮಾರ ಅಳುಮೋರೆ ಹಾಕಿಕೊಂಡು ಬಂದ. ಅವನ ಪಿಕಪ್ಪಿಗೂ ಕಾಡಪ್ಪನೇ ಅದೇ ನಮೂನೆಯ ಗೇರ್‌ಬಾಕ್ಸು ಬದಲಿಸಿ ಕೊಟ್ಟಿದ್ದ. ಈಗ ದ್ರಾಕ್ಷಿ ತುಂಬಿದ ಗಾಡಿ ಶಾಫ್ಟು ಮುರಿದುಕೊಂಡು ನಡುದಾರಿಯಲ್ಲಿ ನಿಂತಿತ್ತು. ಕಾಡಪ್ಪ ಹಿಂದೆ ಮುಂದೆ ನೋಡದೆ ತನ್ನ ಗಾಡಿಯ ಶಾಫ್ಟು ಬಿಚ್ಚಿ ಕೊಟ್ಟುಬಿಟ್ಟ. “ಎರಡ ದಿನದ ಮಾತು,” ಎಂದು ಹೆಂಡತಿಗೆ ಹೇಳಿದ.

ಆ ಎರಡು ದಿನ ಮೂರು ವರ್ಷವಾಯಿತು. ಆಮೇಲೆ ಬ್ಯಾಟರಿ ಒಂದು ಹಾಲಿನ ಗಾಡಿಗೆ ಹೋಯಿತು. ಮುಂದಿನ ಸೀಟು ಹೊರಬಿದ್ದು ಬೇವಿನ ಬುಡ ಸೇರಿತು. ಅದರ ಮೇಲೆ ಕೂತು ಕಾಡಪ್ಪ ದಿನಾ ಚಹಾ ಕುಡಿಯುತ್ತಿದ್ದ. ಇಂದು ಮುಂಜಾನೆಯೂ ಅಲ್ಲೇ ಕೂತಿದ್ದ. ಕಾಡವ್ವ ಚಹಾ ತರುವಷ್ಟರಲ್ಲಿ, ಯಾರಿಗೂ ತ್ರಾಸು ಕೊಡದೆ, ಕೂತಲ್ಲೇ ಹೋಗಿಬಿಟ್ಟಿದ್ದ.

“ನಾ ಎಷ್ಟ ಸರತಿ ವಾಪಸ್ ಕೊಡಾಕ ಬಂದೇನ್ರಿ ಅಕ್ಕಾರ,” ಎಂದ ಜಯಕುಮಾರ, ಕಣ್ಣೊರೆಸಿಕೊಳ್ಳುತ್ತ. “ಬಂದಾಗೆಲ್ಲ, ಈ ಹಂಗಾಮ ಮುಗೀಲಿ ತಡಿಯೋ ಅಂತ ಹೊಳ್ಳಿ ಕಳಸ್ತಿದ್ರು.”

“ನಂಗೇನ ಗೊತ್ತಿಲ್ಲೇನೋ? ಅವರ ಹಂಗಾಮ ಎಂದೂ ಮುಗೀಲಿಲ್ಲ,” ಎಂದಳು ಕಾಡವ್ವ. ಅವಳಿಗೆ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಅಳು ಇತ್ತು. ಅದಕ್ಕೂ ಕೆಳಗೆ, ಯಾಕೋ, ನಗು ಬರುತ್ತಿತ್ತು. “ಊರಾಗಿನ ಎಲ್ಲಾರನೂ ಮುಂದ ಕುಂಡ್ರಿಸಿ ತಿರುಗಿಸ್ಯಾರ. ನಾ ಒಬ್ಬಾಕಿ ಉಳದೇನಿ. ಇವತ್ತ ತಪ್ಪಿದ್ರ ಮುಗೀತಲಾ?”

* * *

ಮದುವೆಯಾದ ಹೊಸತು. ಅಥಣಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಕಾಡಪ್ಪ ಆಗಷ್ಟೇ ಸ್ವಂತ ಶೆಡ್ಡು ಹಾಕಿದ್ದ. ಮೊದಲ ದೊಡ್ಡ ಕೆಲಸ ಒಬ್ಬ ಬೆಲ್ಲದ ವ್ಯಾಪಾರಿಯದು: ಅವನ ಪಿಕಪ್ಪಿಗೆ ಬೇರೆ ಪಿಕಪ್ಪಿನ ಗೇರ್‌ಬಾಕ್ಸು ಕೂಡಿಸಬೇಕು. ಕೂಡಿಸಿದ್ದಾಯಿತು. ಹಿಂದಿನ ಗಾಲಿಗಳನ್ನು ನೆಲದಿಂದ ಮೇಲೆತ್ತಿ, ಇಂಜಿನ್ ಶುರು ಮಾಡಿ ಗೇರಿಗೆ ಹಾಕಿ, ಶಾಫ್ಟು ಹೇಗೆ ತಿರುಗುತ್ತದೆ ನೋಡೋಣವೆಂದು ಕೆಳಗೆ ಮಲಗಿದ್ದ.

ಕಾಡವ್ವ ಚಹಾ ತಂದಳು. ಮಲಗಿದವನ ಕೈಗೆ ಕೊಡುವುದು ಹೇಗೆ? ಗಾಡಿಯ ಒಳಗೆ, ಗೇರಿನ ಕೋಲಿನ ಪಕ್ಕದಲ್ಲಿ ಲೋಟ ಇಟ್ಟಳು. ಕೋಲಿನ ಸುತ್ತಲಿನ ರಬ್ಬರು ಇನ್ನೂ ಹಾಕಿರಲಿಲ್ಲ. ಗಾಡಿ ಗಡಗಡ ನಡುಗಿತು, ಲೋಟ ಮಗುಚಿತು, ಬಿಸಿ ಬಿಸಿ ಚಹಾ ಆ ತೂತಿನಿಂದ ಇಳಿದು ನೇರ ಮಿಸ್ತ್ರಿಯ ಮುಖಕ್ಕೆ ಅಭಿಷೇಕವಾಯಿತು.

“ಅಯ್ಯಯ್ಯೋ! ಯಾರಂವಾ?” ಎಂದು ಒದರುತ್ತ ಕಾಡಪ್ಪ ಹೊರಬಂದ. ಮೀಸೆಯ ಮೇಲೆ ಚಹಾಪುಡಿ.

“ಯಾರಂವಾ ಅಲ್ರಿ, ನಾನು. ನಿಮ್ಮ ಗಾಡಿ ಯಾಕ ಹಿಂಗ ಕುಣೀತೈತಿ?”

ಕಾಡಪ್ಪ ತಿರುಗಿ ಗಾಡಿಯ ಕುಣಿತ ನೋಡಿದ. ಇಂಜಿನ್ ಬಂದ್ ಮಾಡಿ, ಟಾರ್ಚು ಹಿಡಿದು ಮತ್ತೆ ಕೆಳಗೆ ಹೋದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದಲೇ ನಗು ಕೇಳಿಸಿತು. “ಬಾ ಇಲ್ಲೆ, ನೋಡ ಬಾ,” ಎಂದು ಹೆಂಡತಿಯನ್ನೂ ಬಗ್ಗಿಸಿದ. ಶಾಫ್ಟಿನಲ್ಲಿ ಎರಡು ತುಂಡು, ಹಲ್ಲಿಗೆ ಹಲ್ಲು ಕೂತು ಒಂದರೊಳಗೆ ಒಂದು ಸೇರುವಂಥವು. ಎರಡೂ ತುದಿಗೆ ಜೋಡಿ ಕವಲು. ಕಾಡಪ್ಪ ಅವಕ್ಕೆ ಕಿವಿ ಎನ್ನುತ್ತಿದ್ದ.

“ಈ ತುದಿ ಕಿವಿ ಮ್ಯಾಲ ಕೆಳಗ ನಿಂತಾವು, ಆ ತುದೀವು ಅಡ್ಡಡ್ಡ. ಅದಕ್ಕ ಕುಣಿಯಾಕತ್ತೈತಿ. ಈ ಕಿವಿ ಯಾ ದಿಕ್ಕಿಗೆ ನಿಂತಾವೋ ಆ ಕಿವಿನೂ ಅದ ದಿಕ್ಕಿಗೆ ನಿಲ್ಲಬೇಕು. ಕಿವಿಗೆ ಕಿವಿ!”

“ಹಂಗಾರ ನಾ ಹೇಳೂದಕ್ಕೂ ಒಂದೀಟ ಕಿವಿ ಕೊಡ್ರಿ. ಚಹಾ ಆರೂಕಿಂತ ಮೊದಲ ಕುಡೀರಿ.”

ಶಾಫ್ಟು ಎಳೆದು, ತಿರುವಿ, ಸರಿಯಾಗಿ ಕೂಡಿಸಿದ. ಇನ್ನೊಂದು ಲೋಟ ಚಹಾ ಬಂತು, ಅದೇ ಜಾಗದಲ್ಲಿ ಕೂತಿತು. ಇಂಜಿನ್ ಒದರಿದರೂ ಚಹಾ ಅಲುಗಲಿಲ್ಲ.

ಅಂದಿನಿಂದ ಅದೇ ಪದ್ಧತಿಯಾಯಿತು. ಗೇರ್‌ಬಾಕ್ಸು ಬದಲಿಸಿದ ಯಾವ ಗಾಡಿಯೂ ಕಾಡವ್ವನ ಚಹಾ ಪಾಸು ಮಾಡದೆ ಶೆಡ್ಡು ಬಿಡುವಂತಿರಲಿಲ್ಲ. ಮಾಲಕ ಮುಂದಿನ ಸೀಟಿನಲ್ಲಿ, ಅವನ ಕಾಲ ಬಳಿ ತುಂಬಿದ ಲೋಟ, ಕಾಡಪ್ಪ ನಾಲ್ಕನೇ ಗೇರಿನಲ್ಲಿ ಮಿರಜಿನ ದಾರಿ ಹಿಡಿದು ಹೋಗಿ ಬರುತ್ತಿದ್ದ. ಚಹಾ ಚೆಲ್ಲಿದರೆ ಮತ್ತೆ ಬಿಚ್ಚುವುದು. ಕಾಡವ್ವನ ಕೆಲಸ ಚಹಾ ಮಾಡುವುದು. ತವರಿಗೆ ಹೋಗುವಾಗ ಅವಳು ಯಾರದೋ ಗಾಡಿಯ ಹಿಂದೆ, ಉಳ್ಳಾಗಡ್ಡಿ ಚೀಲದ ಮೇಲೆ ಕೂತು, ಬಂದ ದಾರಿಯನ್ನೇ ನೋಡುತ್ತ ಹೋಗುತ್ತಿದ್ದಳು.

* * *

ಜಯಕುಮಾರನ ಗಾಡಿಯ ಕೆಳಗೆ ಸುಭಾಷನ ಕೈ ಜಾರಿತು. ಶಾಫ್ಟು ದಪ್ಪನೆ ಬಿದ್ದು ಎರಡು ತುಂಡಾಗಿ ಬೇರೆಯಾಯಿತು. ಬಿಳಿ ಅಂಗಿಯ ಎದೆಯ ತುಂಬ ಗ್ರೀಸು. ಅವನು ತುಂಡುಗಳನ್ನು ಒಂದರೊಳಗೊಂದು ಸೇರಿಸಿ, ಹೊತ್ತುಕೊಂಡು ಹೋಗಿ ಹಸಿರು ಗಾಡಿಯ ಕೆಳಗೆ ಮಲಗಿದ. ಹಾಲಿನ ಗಾಡಿಯವನು ಬ್ಯಾಟರಿ ತಂದಿಟ್ಟ. ನಾಲ್ಕು ಮಂದಿ ಸೀಟು ಎತ್ತಿದರು. ಅದರ ಮೇಲೆ ಬಿದ್ದಿದ್ದ ಬೇವಿನ ಎಲೆಗಳನ್ನು ಕಾಡವ್ವ ಸೆರಗಿನಿಂದ ಝಾಡಿಸಿದಳು.

ಮಗಳು ಪ್ರಣಾಲಿ ಹತ್ತಿರ ಬಂದು ಮೆಲ್ಲಗೆ, “ಆಯಿ, ಲೋಕ ಕಾಯ ಮ್ಹಣತೀಲ?” ಎಂದಳು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ.

“ಲೋಕ ಏನ ಅಂತೈತಿ? ಲೋಕ ಎಲ್ಲಾ ಗಾಡಿ ಕೆಳಗ ಮಲಗೇತಿ. ಮಾತಾಡಾಕ ಪುರಸೊತ್ತ ಎಲ್ಲೈತಿ ಅದಕ್ಕ?”

ಅಳುತ್ತಿದ್ದ ಪ್ರಣಾಲಿ ಫಕ್ಕನೆ ನಕ್ಕಳು. ಅಷ್ಟರಲ್ಲಿ ಹಸಿರು ಗಾಡಿ ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಶುರುವಾಯಿತು. ಜನ “ಹರ ಹರ ಮಹಾದೇವ!” ಎಂದು ಕೂಗಿದರು. ಭಜನೆಯವರು ಯಾರೂ ಹೇಳದಿದ್ದರೂ ತಾಳ ಬಾರಿಸಿದರು.

ಕಾಡವ್ವ ತುಂಬಿದ ಚಹಾದ ಲೋಟ ಹಿಡಿದು ಬಂದಳು.

“ವೈನಿ, ಇವತ್ತೂ?” ಎಂದ ಸುಭಾಷ.

“ಇವತ್ತ ಬಿಟ್ಟರ ಇನ್ಯಾವತ್ತೋ?”

ಸುಭಾಷ ಗಾಡಿ ತೆಗೆದುಕೊಂಡು ಕಾರ್ಖಾನೆಗಳ ಸಾಲು ಮುಗಿಯುವವರೆಗೆ ಹೋಗಿ ಬಂದ. ಇಳಿದವನು ತಲೆ ಎತ್ತಲಿಲ್ಲ. ಲೋಟ ಅರ್ಧವಾಗಿತ್ತು, ಕೆಳಗೆಲ್ಲ ಚಹಾ.

“ನಡದಂಗ ಹೋಗೂಣು ಕಾಕೂ,” ಎಂದ ಪ್ರತಾಪ. “ಸಾವಕಾಶ ಹೋದ್ರ ಯಾ ಗಾಡಿ ನಡಗತೈತಿ? ಹೊತ್ತ ಆಗಾಕತ್ತೇತಿ.”

“ಊರ ಮಂದಿ ಗಾಡಿ ಎಲ್ಲಾ ಚಹಾ ಚೆಲ್ಲದಂಗ ಮಾಡಿ ಕಳಿಸ್ಯಾರ ಅವರು. ಅವರನ್ನ ನಾ ಗಡಗಡ ನಡಗಿಸ್ಕೋತ ಕಳಸ್ಲೇನು?” ಎಂದಳು ಕಾಡವ್ವ. ಮುಂಜಾನೆಯಿಂದ ತಡೆದಿದ್ದ ಅಳು ಬಂದೇಬಿಟ್ಟಿತು. ಅಳುತ್ತಲೇ ಅವಳು ಸುಭಾಷನ ಕಡೆ ತಿರುಗಿದಳು. “ಶಾಫ್ಟ ಬಿದ್ದು ಎರಡ ತುಂಡ ಆಗಿತ್ತಲಾ. ಕೂಡಸೂ ಮುಂದ ಕಿವಿ ನೋಡಿದೇನು?”

ಸುಭಾಷ ಗ್ರೀಸಿನ ಕೈಯಿಂದಲೇ ಹಣೆ ಬಡಿದುಕೊಂಡ. ಮೂವತ್ತು ವರ್ಷದ ಗೆಳೆತನ, ನೂರಾರು ಶಾಫ್ಟು, ಒಂದರಲ್ಲೂ ಕಿವಿ ತಪ್ಪಿಸಿದವನಲ್ಲ. “ಅಳಕೋತ ಕೂಡಿಸೇನ್ರಿ ವೈನಿ. ಕಣ್ಣ ಕಾಣಲಿಲ್ಲ.”

“ಹುಚ್ಚಪ್ಪಾ,” ಎಂದಳು ಕಾಡವ್ವ, ಸೆರಗಿನ ತುದಿಯಿಂದ ಅವನ ಹಣೆಯ ಕರಿ ಒರೆಸುತ್ತ. “ಆಮ್ಯಾಲ ಇಬ್ಬರೂ ಕೂಡಿ ಅಳೂಣು. ಈಗ ಕಿವಿ ಕೂಡಸು.”

ಈ ಸಲ ಅವಳೂ ಸೀರೆ ಎತ್ತಿ ಕಟ್ಟಿ, ನೆಲಕ್ಕೆ ಬಗ್ಗಿ, ಮೊಬೈಲಿನ ಬೆಳಕು ಹಿಡಿದಳು. “ಇನ್ನೊಂದೀಟ ತಿರುವು. ಇನ್ನೊಂದ ಹಲ್ಲು. ಹಾಂ, ನೋಡಲ್ಲೆ!”

* * *

ಕಾಡಪ್ಪನನ್ನು ಹಿಂದಿನ ತೊಟ್ಟಿಯಲ್ಲಿ ಮುಂದೆ ಮುಖ ಮಾಡಿ ಕೂಡಿಸಿದರು. ಟ್ರಾಲಿಗೆ ಕಟ್ಟಿದ್ದ ಹೂವೆಲ್ಲ ಇಲ್ಲಿಗೆ ಬಂತು. ಕಾಡವ್ವ ಮುಂದಿನ ಬಾಗಿಲು ತೆಗೆದು ಹತ್ತಿ ಕೂತಳು. ಸೀಟಿನಲ್ಲಿ ಗಂಡ ಕೂತು ಕೂತು ಆಗಿದ್ದ ತಗ್ಗು ಅವಳಿಗೆ ದೊಡ್ಡದಾಯಿತು. ಎರಡು ಪಾದಗಳ ನಡುವೆ ಹೊಸ ಚಹಾದ ಲೋಟ.

ದೊಡ್ಡ ರಸ್ತೆಯವರೆಗೆ ಭಜನೆ ಹಾಡುತ್ತ ನಡೆದ ಜನ, ಅಲ್ಲಿ ತಮ್ಮ ತಮ್ಮ ಗಾಡಿ ಹತ್ತಿದರು. ಶಾಫ್ಟು ಕೊಟ್ಟ ಜಯಕುಮಾರ ಯಾರದೋ ಮೋಟರ್‌ಸೈಕಲ್ಲಿನ ಹಿಂದೆ ಕೂತ.

“ವೈನಿ, ಸ್ವಾಮಿಗಳು ಕಾಯಾಕತ್ತಾರ,” ಎಂದ ಸುಭಾಷ.

“ಮತ್ತ ನೋಡ್ತೀ ಏನ? ನಾಕನೇ ಗೇರ ಹಾಕು.”

ಹಸಿರು ಗಾಡಿ ಓಡಿತು. ಗಾಳಿಗೆ ಕಾಡವ್ವನ ಸೆರಗು ಹಾರಿತು. ಇಷ್ಟು ವರ್ಷ ಹಿಂದಕ್ಕೆ ಸರಿಯುತ್ತಿದ್ದ ದಾರಿ ಇಂದು ಎದುರಿನಿಂದ ಅವಳ ಕಡೆಗೇ ಬರುತ್ತಿತ್ತು: ಅಂಗಡಿಗಳು, ಬೇವಿನ ಗಿಡಗಳು, ಬೋರ್ಡುಗಳು, ನಿಂತು ಕೈ ಮುಗಿಯುವ ಜನ. ಅವಳಿಗೆ ಖುಷಿಯಾಯಿತು. ಇಂಥ ದಿನ ಖುಷಿಯಾಯಿತಲ್ಲ ಎಂದು ಒಂದು ಕ್ಷಣ ನಾಚಿಕೆಯಾಯಿತು, ಆಮೇಲೆ ಅದೂ ಹೋಯಿತು. ಹಿಂದಿನ ಕಿಟಕಿಯ ಗಾಜಿನ ಕಡೆ ಕುತ್ತಿಗೆ ಹೊರಳಿಸಿ, “ಕೇಳಾಕತ್ತೀರೇನ್ರಿ? ಭಾಳ ಛಲೋ ಓಡತೈತಿ,” ಎಂದಳು.

ರುದ್ರಭೂಮಿಯ ಗೇಟಿನಲ್ಲಿ ಗಾಡಿ ನಿಂತಿತು. ಪ್ರತಾಪ ಓಡಿ ಬಂದು ಬಾಗಿಲು ತೆಗೆದು, “ಇಳೀರಿ ಕಾಕೂ,” ಎಂದ. “ತಡಿ,” ಎಂದಳು ಅವಳು. ಸುಭಾಷ ಇಂಜಿನ್ ಬಂದ್ ಮಾಡಿ ಬಗ್ಗಿ ನೋಡಿದ. ಜಯಕುಮಾರ ಕಿಟಕಿಯೊಳಗೆ ತಲೆ ತೂರಿಸಿದ. ಪ್ರಣಾಲಿ ಅಮ್ಮನ ಭುಜದ ಮೇಲಿಂದ ಇಣುಕಿದಳು.

ಕಾಡವ್ವನ ಪಾದಗಳ ನಡುವೆ ಲೋಟದಲ್ಲಿ ಚಹಾ ಹಾಗೇ ಇತ್ತು. ಅದರ ಮೇಲೆ ದಪ್ಪಗೆ ಕೆನೆ ಕಟ್ಟಿತ್ತು, ಎಲ್ಲೂ ಒಡೆದಿರಲಿಲ್ಲ.