ನಡುವೆ ಒಂದು ತೂತು

ಅದೇ ತೂತು, ಈ ಹಾಳೆಯಲ್ಲೂ ಅದೇ ತೂತು, ನಟ್ಟನಡುವೆ, ತೋರುಬೆರಳು ಹಿಡಿಸುವಷ್ಟು — ಬಟ್ಟೆಯಿಂದ ಬಿಡಿಸಿ ಎತ್ತಿ ಹಿಡಿದರೆ ಬಾಲ್ಕನಿಯ ಬಿಸಿಲು ಅದರೊಳಗಿಂದ ನೇರ ನನ್ನ ಕಣ್ಣಿಗೆ, ಸುತ್ತಲೂ ಬೆರಳಚ್ಚು, ಚೌಕ ಹಾಳೆಗಳೆಲ್ಲ ದುಂಡಗಾಗಿವೆ, ಅತ್ತೆ ರೊಟ್ಟಿ ತಟ್ಟಿದ್ದಾರೆ, ನಲವತ್ತಕ್ಕೆ ನಲವತ್ತೂ, ಒಂದನ್ನಾದರೂ ಬಿಡಬಾರದಿತ್ತೇ, ತಿಂಡಿಯನ್ನೂ ತಿನ್ನದೆ ಆರು ಗಂಟೆಗೇ ಕೂತು ಹಾಸಿದ ಕಾಗದದ ಹಸಿ ಹಾಳೆಗಳು, ಹೊಲಿಯುವ ದಾರ ಮುಗಿಯಿತೆಂದು ಮಾಡವೀದಿಯ ಅಂಗಡಿಗಳನ್ನೆಲ್ಲ ಅಲೆದು ಮಧ್ಯಾಹ್ನ ಬರುವಷ್ಟರಲ್ಲಿ — ಈ ಚೆನ್ನೈ ಬಿಸಿಲಾದರೂ ಎಂಥದು, ಮೂರು ದಿನ ಮೋಡದ ಹಿಂದೆ ಅವಿತು ಸತಾಯಿಸಿ, ಇವತ್ತು ನೋಡು, ತಟ್ಟಿದ್ದನ್ನೆಲ್ಲ ತಟ್ಟಿದ ಹಾಗೇ ಒಣಗಿಸಿ ಕೊಟ್ಟಿದೆ. ಪುಸ್ತಕ ಮಾಡಿಕೊಡಲು ಹೇಳಿದ ಅಂಗಡಿಯಾಕೆಗೆ ಏನು ಹೇಳಲಿ, ನಾಳೈಕ್ಕು ಕಣ್ಡಿಪ್ಪಾ ವೇಣುಂ ಮಾ ಎಂದಿದ್ದಾಳೆ, ನಾಳೆಗೆ ಬೇಕೇ ಬೇಕಂತೆ, ನಲವತ್ತು ಹಾಳೆ, ಹತ್ತು ಪುಸ್ತಕ, ಪ್ರತಿಯೊಂದಕ್ಕೂ ಹಳೇ ಸೀರೆಯ ಹೊದಿಕೆ, ಹದಿನೆಂಟು ವರ್ಷ ಈ ಮನೆಗೆ ಬೇಯಿಸಿ ಹಾಕಿದ ಮೇಲೆ ನನ್ನದು ಅಂತ ಸಿಕ್ಕ ಮೊದಲ ಕೆಲಸ, ಅದಕ್ಕೂ ತೂತು.

ಹಾಗೆ ನೋಡಿದರೆ ತಪ್ಪು ನನ್ನದೂ ಹೌದು, ಮಗಳ ಹಳೇ ನೋಟ್‌ಬುಕ್ಕುಗಳನ್ನು ನೆನೆಸಿ ಮಿಕ್ಸಿಯಲ್ಲಿ ರುಬ್ಬಿ, ಗಂಜಿ ಬೆರೆಸಿ, ಚೆಂದಕ್ಕಿರಲಿ ಎಂದು ಈರುಳ್ಳಿ ಸಿಪ್ಪೆ, ಕೊತ್ತಂಬರಿ ಎಲೆ ಉದುರಿಸಿ, ಒದ್ದೆ ಬಟ್ಟೆಯ ಮೇಲೆ ತೆಳ್ಳಗೆ ಹಾಸಿಟ್ಟವಳು ಯಾರು, ಅದನ್ನು ಕಂಡ ಅತ್ತೆಯ ಮಂಡ್ಯದ ಕೈ ಸುಮ್ಮನಿರುತ್ತದೆಯೇ — ಮದುವೆಯಾದ ಹೊಸದರಲ್ಲಿ ನನ್ನ ಬೆರಳನ್ನೇ ಹಿಡಿದು ಅದುಮಿದ್ದರು, ನಡೂಗೆ ತೂತ ಮಾಡವ್ವ, ಎಣ್ಣೆ ಇಳೀಬೇಕು, ಇಲ್ದಿದ್ರೆ ಒಳಗೆ ಹಸಿ ಉಳ್ಕತದೆ — ಸಾಕು, ಇದನ್ನೆಲ್ಲ ನೆನೆದು ಕರಗಬಾರದು, ಹೋದ ತಿಂಗಳು ಗ್ಯಾಸ್ ಉರಿಸಿಟ್ಟು ಮಲಗಿದವರೂ ಇವರೇ, ಮೊನ್ನೆ ಬರಿಗಾಲಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗಿ ಮಂಡ್ಯದ ಬಸ್ಸು ಕೇಳಿದವರೂ ಇವರೇ, ನನ್ನ ಮುಖ ನೋಡಿ ನೀ ಯಾರ ಮಗಳವ್ವ ಅಂದವರೂ ಇವರೇ, ಅವತ್ತೇ ವೆಂಕಟೇಶ್‌ಗೆ ಹೇಳಿಬಿಟ್ಟೆ, ನಿಮ್ಮ ಅವ್ವನನ್ನು ನನ್ನ ಕೈಯಲ್ಲಿ ಇನ್ನು ನೋಡಿಕೊಳ್ಳಲು ಆಗುವುದಿಲ್ಲ, ಎಲ್ಲಾದರೂ ಸೇರಿಸಿ, ಪಾಪ, ಇವತ್ತು ರಜೆ ಹಾಕಿ ತಾಂಬರಂಗೆ ಹೋಗಿದ್ದಾರೆ, ಅಲ್ಲಿ ವಯಸ್ಸಾದವರನ್ನು ಇಟ್ಟುಕೊಳ್ಳುವ ಮನೆಯೊಂದಿದೆಯಂತೆ — ಅಗೋ ಫೋನು, ಅವರೇ, ಬೃಂದಾ, ಒಂದೇ ಒಂದು ಜಾಗ ಖಾಲಿ ಇದೆಯಂತೆ, ಈಗ್ಲೇ ಹೇಳ್ಬೇಕಂತೆ, ಸೈನ್ ಮಾಡ್ಲಾ.

ಮಾಡಿ, ಮಾಡಿಬಿಡಿ, ನಾಲಿಗೆಯ ತುದಿಯಲ್ಲೇ ಇದೆ, ಕೈಯಲ್ಲಿರುವ ಈ ಹಾಳೆಯ ಆಣೆಗೂ ಮಾಡಿ — ಅಡುಗೆಮನೆಯ ಬಾಗಿಲಲ್ಲಿ ಅತ್ತೆ, ಕಾಲೆಳೆದುಕೊಂಡು ಬರುತ್ತಿದ್ದಾರೆ, ಎರಡೂ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ನನ್ನದೇ ಒಂದು ಹಾಳೆ, ಪಕ್ಕದಲ್ಲಿ ಚಟ್ನಿಪುಡಿ, ತೂತಿಗೆ ಎಣ್ಣೆ ಬಿಟ್ಟಿದ್ದಾರೆ, ಅಯ್ಯೋ ಇದೂ ಹೋಯಿತು, ಇವರಿಗೆ ಏನು ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ — ಹೊತ್ತುಟ್ಟಿದಾಗಿಂದ ನೋಡ್ತಾನೆ ಇವ್ನಿ, ನೀ ಏನೂ ತಿಂದಿಲ್ಲ ಕಣ್ ಮಗಾ, ಆರೋಗ್ತದೆ, ತಿನ್ನು — ತಿಂದಿಲ್ಲ, ಹೌದು, ಒಂದು ಲೋಟ ಕಾಫಿ ಅಷ್ಟೇ, ಗಂಡ ಕೇಳಲಿಲ್ಲ, ಮಗಳು ಕೇಳಲಿಲ್ಲ, ನನಗೇ ನೆನಪಿರಲಿಲ್ಲ, ನನ್ನ ಹೆಸರು ಗೊತ್ತಿಲ್ಲದ ಇವರಿಗೆ ನನ್ನ ಹಸಿವು ಗೊತ್ತಾಯಿತು, ನಲವತ್ತು ರೊಟ್ಟಿ, ನನಗೊಬ್ಬಳಿಗೆ, ನಾಚಿಕೆಯಾಗುತ್ತಿದೆ, ಕೋಪವೂ ಇನ್ನೂ ಇಳಿದಿಲ್ಲ, ಕಿವಿಯಲ್ಲಿ ಫೋನು, ಹಲೋ, ಬೃಂದಾ, ಏನ್ ಹೇಳ್ಲಿ ಇಲ್ಲಿಯವ್ರಿಗೆ, ಕೇಳಿಸ್ತಿದ್ಯಾ — ತಟ್ಟೆ ನನ್ನ ಮುಂದೆಯೇ ಚಾಚಿದೆ, ಎಣ್ಣೆ ಮೆಲ್ಲಗೆ ಹಾಳೆಗೆ ಇಳಿಯುತ್ತಿದೆ, ಹಲೋ, ಹಲೋ — ತೂತು, ತೂತಿನ ಸುತ್ತ ಎಣ್ಣೆ, ನಡುವೆ ಅದೇ ತೂತು