ಮದರಂಗಿ ಬೇಲಿಯ ಬಂಗಾರ ಬಳ್ಳಿ

ಹೊರ್ತಿಯ ಶೇವಂತೆವ್ವನ ಹಿತ್ತಲಿಗೆ ಗೋಡೆಯಿಲ್ಲ, ತಂತಿಯೂ ಇಲ್ಲ. ಇರುವುದು ಮದರಂಗಿ ಬೇಲಿ. ಬೇಲಿಯ ಈಚೆ ಅವಳ ನಿಂಬೆ ಗಿಡಗಳು, ಆಚೆ ನೆರೆಮನೆಯ ಸುಲ್ತಾನಬಿಯ ಅಂಗಳ. ಸುಲ್ತಾನಬಿಯ ಮಗಳು ಮುಮ್ತಾಜ ಅಂಬೆಗಾಲಿಡುವಾಗಲೇ ಶೇವಂತೆವ್ವ ಮಾತು ಕೊಟ್ಟಿದ್ದಳು: "ನಿನ್ನ ಮದುವ್ಯಾಗ ಇದ ಬೇಲಿ ತಪ್ಪಲ ಅರದು ನಾನ ನಿನ್ನ ಕೈಗೆ ಹಚ್ತೇನಿ." ಈಗ ಆ ಮದುವೆ ನಿಶ್ಚಯವಾಗಿತ್ತು. ಜೋಳದ ರಾಶಿ ಮುಗಿದ ಮೇಲೆ ನಿಕಾಹ್.

ಮಳೆಗಾಲದಲ್ಲಿ ಬೇಲಿಯ ಮೂಲೆಯಲ್ಲಿ ಹಳದಿ ಎಳೆಗಳು ಕಂಡವು. ಎಲೆಯಿಲ್ಲದ, ಬರೀ ದಾರದಂಥ ಬಳ್ಳಿ. ನೋಡನೋಡುತ್ತ ಅದು ಬೇಲಿಯ ತುಂಬ ಹಬ್ಬಿತು. ಹೊತ್ತು ಮುಳುಗುವಾಗ ಇಡೀ ಹಿತ್ತಲು ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು. ಶೇವಂತೆವ್ವ ಬಾಗಿಲಲ್ಲಿ ಕೂತು ಅದನ್ನೇ ನೋಡುವಳು. ಹಾಗೇ ಜೊಂಪು ಹತ್ತಿದರೆ ಒಂದೇ ಕನಸು. ಬಂಗಾರದ ಚಪ್ಪರದ ಕೆಳಗೆ ಮುಮ್ತಾಜ ಕೈ ಚಾಚಿ ಕೂತಿದ್ದಾಳೆ. ತಾನು ಮದರಂಗಿ ಹಚ್ಚಲು ಹೋದರೆ ಬಟ್ಟಲು ಖಾಲಿ!

ಎದ್ದ ಮೇಲೆ ಚಪ್ಪರ ನೆನಪಿರುತ್ತಿತ್ತು, ಖಾಲಿ ಬಟ್ಟಲು ಮರೆತುಹೋಗುತ್ತಿತ್ತು. ಬೇಕಾದದ್ದನ್ನಷ್ಟೇ ನೆನಪಿಡುವುದರಲ್ಲಿ ನಾವೆಲ್ಲ ಜಾಣರೇ.

"ಅಕ್ಕಾ, ಈ ಬಳ್ಳಿ ಬಂದಾಗಿಂದ ಗಿಡ ಸೊರಗಾಕತ್ತೈತಿ," ಎಂದಳು ಸುಲ್ತಾನಬಿ ಬೇಲಿಯಾಚೆಯಿಂದ. "ಕಿತ್ತು ಒಗಿಯೂಣೇನು?"

"ಮುಟ್ಟಬ್ಯಾಡ ಮತ್ತ! ಬಂಗಾರ ಬಳ್ಳಿ ಅದು. ಮದುವಿ ಮುಂದ ಲಕ್ಷ್ಮಿ ತಾನಾಗೇ ಬಂದಾಳ. ಗಿಡ ಸೊರಗಿದ್ದು ಮಳಿ ಹೆಚ್ಚಾಗಿ."

ಹೊಲದಲ್ಲಿ ಪೈರಿಗೆ ಪೂಜೆ ಮಾಡುವ ಸೀಗಿ ಹುಣ್ಣಿಮೆ ಬಂತು. ಮೊಣಕಾಲು ನೋವಿನಿಂದ ಹೊಲಕ್ಕೆ ಹೋಗಲಾಗದ ಶೇವಂತೆವ್ವ ನಿಂಬೆ ಗಿಡದ ಬುಡದಲ್ಲೇ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿದಳು. ಚೆಂಡು ಹೂವಿನ ಜೊತೆ ಬಂಗಾರ ಬಳ್ಳಿಯನ್ನೂ ಹರಿದು ಮಾಲೆ ಹಾಕಿದಳು. ಉಳಿದ ಎಳೆಯನ್ನು ನಿಂಬೆಯ ಕೊಂಬೆಗೇ ಸುತ್ತಿದಳು. ಆಮೇಲೆ ಎಡೆಯ ಅಡುಗೆಯನ್ನು ಸುತ್ತಲೂ ಚರಗವೆಂದು ಚೆಲ್ಲಿ ಕೈಮುಗಿದಳು.

ದೀಪಾವಳಿಯ ಹೊತ್ತಿಗೆ ಚೆಂಡು ಹೂ ಒಣಗಿ ಪುಡಿಯಾಗಿತ್ತು. ಕೊಂಬೆಗೆ ಸುತ್ತಿದ ಬಳ್ಳಿ ಮಾತ್ರ ಒಣಗದೆ ನಿಂಬೆಯ ನೆತ್ತಿಗೆ ಏರುತ್ತಿತ್ತು.

ಮಹಿಳಾ ಸಂಘದಲ್ಲಿ ಬೆಳೆಯ ವಿಚಾರ ಹೇಳಿಕೊಡುವ ಕೃಷಿ ಸಖಿಯಾಗಿರುವ ರಾಜೇಶ್ವರಿ ಅವತ್ತು ನಿಂಬೆಹಣ್ಣು ಕೇಳಿಕೊಂಡು ಬಂದಳು. ಗಿಡ ನೋಡಿ ನಿಂತೇಬಿಟ್ಟಳು.

"ಮೌಶಿ, ಈ ಗಿಡಕ್ಕ ಈ ಹಳದಿ ಅಮರಬಳ್ಳಿ ಯಾರು ಹಚ್ಚಿದ್ರು?"

"ನಾನ ಹಬ್ಬದಾಗ ಸುತ್ತಿದ್ದೆವ್ವ. ಬೇರಿಲ್ಲದ್ದು, ಹರದಿದ್ದು. ಅದೇನ ಮಾಡ್ತೈತಿ?"

"ಹರದ ಹೂ ಒಣಗೈತಿ, ಹರದ ಬಳ್ಳಿ ಬೆಳದೈತಿ. ನೀವ ನೋಡ್ರಿ." ರಾಜೇಶ್ವರಿ ಒಂದು ಎಳೆಯನ್ನು ಮೆಲ್ಲಗೆ ಬಿಡಿಸಿದಳು. ಅದು ಕೊಂಬೆಯನ್ನು ಕಚ್ಚಿ ಹಿಡಿದಿತ್ತು. ಬಿಡಿಸಿದಲ್ಲಿ ಸಣ್ಣ ಸಣ್ಣ ಗಾಯ. "ಇದಕ್ಕ ಮಣ್ಣಾಗ ಬೇರು ಬೇಕಾಗಿಲ್ರಿ. ಗಿಡದಾಗ ಹಲ್ಲೂರಿ ರಸ ಹೀರ್ತೈತಿ. ದುಡಿಯೂದು ಗಿಡ, ಉಣ್ಣೂದು ಇದು. ಬೇಲಿಗೂ ಹಬ್ಬೈತಿ, ಕೊಂಬಿ ಸಹಿತ ಕೊಯ್ಯಬೇಕ್ರಿ."

ಶೇವಂತೆವ್ವನಿಗೆ ಆಗ ನೆನಪಾಯಿತು, ಕನಸಿನ ಆ ಖಾಲಿ ಬಟ್ಟಲು. 

"ಕೊಯ್ದರ ಬೇಲಿ ಬೋಳಾಗ್ತೈತಲ್ಲವ್ವ. ಮುಮ್ತಾಜಗ ಕೊಟ್ಟ ಮಾತು?"

"ಕೊಯ್ಯದಿದ್ರ ಬೇಲೀನ ಉಳಿಯೂದಿಲ್ಲ. ಮದರಂಗಿ ಗಟ್ಟಿ ಗಿಡ ಮೌಶಿ, ಈಗ ಕೊಯ್ದು ನೀರು ಹಾಕಿದ್ರ ರಾಶಿ ಹೊತ್ತಿಗೆ ಚಿಗುರ್ತೈತಿ. ಬಳ್ಳಿ ಇನ್ನೂ ಹೂ ಬಿಟ್ಟಿಲ್ಲ. ಬೀಜ ಉದುರಿದ್ರ ಮಣ್ಣಾಗ ವರ್ಷಗಟ್ಟಲೆ ಉಳಿತೈತಿ."

"ಹಂಗಾರ ಹರದು ರಸ್ತಾದಾಗ ಒಗದು ಬರ್ತೇನಿ."

"ಬ್ಯಾಡ್ರಿ! ರಸ್ತಾದಾಗ ಒಗದ್ರ ಮಂದಿ ಬೇಲಿ ಹಿಡೀತೈತಿ. ತಿಪ್ಪ್ಯಾಗ ಹಾಕಿದ್ರ ಗೊಬ್ಬರದ ಜೋಡಿ ಹೊಲಕ್ಕ ಹೋಗ್ತೈತಿ. ಒಂದು ತುಂಡು ಉಳಿದ್ರೂ ಸಾಕದಕ್ಕ."

ಮರುದಿನ ಬೇಲಿಯ ಈಚೆ ಶೇವಂತೆವ್ವ, ಆಚೆ ಸುಲ್ತಾನಬಿ, ಇಬ್ಬರ ಕೈಯಲ್ಲೂ ಕುಡುಗೋಲು. ಬುಡದಲ್ಲಿ ಹಳೇ ಚಾದರ ಹಾಸಿದರು. ಬಳ್ಳಿ ಸುತ್ತಿದ ಕೊಂಬೆಯನ್ನು ಬಳ್ಳಿ ಹಿಡಿದ ಜಾಗಕ್ಕಿಂತ ಗೇಣುದ್ದ ಕೆಳಗೇ ಕೊಯ್ದರು. ನಿಂಬೆಯ ಕೊಂಬೆಗೂ ಅದೇ ಗತಿ. ಪಾಂಡವರ ಕೊರಳಿನ ಮಾಲೆಯನ್ನೂ ಶೇವಂತೆವ್ವ ತಪ್ಪಾಯಿತೆಂದು ಗಲ್ಲ ಬಡಿದುಕೊಂಡು ತೆಗೆದಳು. ಎಲ್ಲವನ್ನೂ ಗಿಡಗಳಿಂದ ದೂರ ಒಣಗಿಸಿ ಸುಟ್ಟರು. ಬೋಳು ಬೇಲಿ ನೋಡಿ ಶೇವಂತೆವ್ವ ಅತ್ತೇಬಿಟ್ಟಳು. ಆದರೂ ವಾರಕ್ಕೊಮ್ಮೆ ಬೇಲಿ ಸುತ್ತುವುದನ್ನು ಬಿಡಲಿಲ್ಲ. ಹಳದಿ ಎಳೆ ಕಂಡಲ್ಲಿ ಕೊಯ್ದಳು.

ರಾಶಿ ಮುಗಿಯಿತು. ಬೇಲಿ ಮೊದಲಿನಷ್ಟು ದಟ್ಟವಾಗಿರಲಿಲ್ಲ, ಆದರೆ ಹಸಿರಾಗಿತ್ತು. ಚಿಗುರೆಲೆ ಅರೆದರೆ ಒಂದೇ ಬಟ್ಟಲಾಯಿತು. ಮುಮ್ತಾಜಳ ಎರಡು ಅಂಗೈಗೆ ಅದು ಸಾಕಾಯಿತು.

"ಅಕ್ಕಾ, ನಿನ್ನ ಲಕ್ಷ್ಮೀನ ಸುಟ್ಟೆವಲ್ಲ, ಈಗ ಎಲ್ಲಿ ಹೋದಳಾಕಿ?" ಸುಲ್ತಾನಬಿ ಕಿಚಾಯಿಸಿದಳು.

ಶೇವಂತೆವ್ವ ಮುಮ್ತಾಜಳ ಕೆಂಪು ಅಂಗೈಯನ್ನು ಎತ್ತಿ ಹಿಡಿದಳು. "ಇಲ್ಲೇ ಅದಾಳ ನೋಡು."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇವತ್ತು ಸಂಜೆ ನಿಮ್ಮ ಬೇಲಿಯನ್ನೊಮ್ಮೆ ಸುತ್ತಿ ಬನ್ನಿ. ಹಳದಿ ದಾರದಂಥ ಬಳ್ಳಿ ಕಂಡರೆ ಚಂದವೆಂದು ಬಿಡಬೇಡಿ. ಹೂ ಬಿಡುವ ಮೊದಲೇ ಕೊಂಬೆಸಹಿತ ಕೊಯ್ಯಿರಿ, ಒಂದು ತುಂಡೂ ಬಿಡದೆ ಸುಡಿರಿ. ಆಚೆ ಮನೆಯವರನ್ನೂ ಕೂಗಿ ಕರೆಯಿರಿ, ಬೇಲಿ ಇಬ್ಬರದೂ ಹೌದಲ್ಲ.